ಆಚಾರ್ರು ಮೂರು ಸಲ ನೋಡಿದ ಗೊಂಬೆ ಸಿನಿಮಾ

ಮೊನ್ನೆ ಕಾಲಿಗೆ ತಗಡು ಗೀರಿತು ಅಂತ ಸೂಜಿ ಹಾಕಿಸಿಕೊಳ್ಳಲು ಹೋಗಿದ್ದೆ. ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ತೋಳಿಗೆ ಒರೆಸಿದ್ದೇ ತಡ, ಆ ವಾಸನೆ ಮೂಗಿಗೆ ಹೊಡೆದು, ನಾನು ಸೀದಾ ಪಾಂಡವಪುರದ ನನ್ನ ಹಳೇ ವೀಡಿಯೋ ಅಂಗಡಿಯಲ್ಲಿದ್ದೆ. ಕ್ಯಾಸೆಟ್ಟು ಓಡಿಸುವ ವಿಸಿಪಿಯ ಹೆಡ್ಡಿಗೆ ಧೂಳು ಕೂತು ಟೀವಿಯಲ್ಲಿ ಗೆರೆ ಗೆರೆ ಬಂದರೆ ಆಗೆಲ್ಲ ಇದೇ ಸ್ಪಿರಿಟ್ಟು, ಇದೇ ಹತ್ತಿ. ಸ್ಪಿರಿಟ್ಟು ಮುಗಿದರೆ ಪಕ್ಕದ ಮನೆಯ ಮರಗೆಲಸದ ಆಚಾರ್ರ ಹತ್ತಿರ ಓಡುತ್ತಿದ್ದೆ. ಅವರು ಅದರಲ್ಲಿ ಅರಗು ಕರಗಿಸಿ ಗೊಂಬೆಗಳಿಗೆ ಪಾಲಿಶು ಹಾಕುತ್ತಿದ್ದರು...

ಮನೆಗೆ ಬಂದವನೇ ಮಗಳ ಕೈಲಿ ಫೋನಿನಲ್ಲಿ ಆ ಸಿನಿಮಾ ಹುಡುಕಿಸಿದೆ. ಕೊಲೆ ಮಾಡುವ ಗೊಂಬೆಯ ಇಂಗ್ಲಿಷ್ ಸಿನಿಮಾ. ಈಗ ಅದನ್ನು ಕ್ಲಾಸಿಕ್ಕು ಅಂತಾರಂತೆ. "ಅಪ್ಪಾ, ಇದಕ್ಕೆಲ್ಲ ಹೆದರ್ಕೊತಿದ್ರಾ ನೀವು?" ಅಂತ ಮಗಳು ನಕ್ಕಳು. ನಾನು ನಗಲಿಲ್ಲ. ಆ ಸಿನಿಮಾವನ್ನು ನಮ್ಮ ಬೀದಿಗೆ ತಂದವನು ನಾನೇ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಚಿನಕುರಳಿ ಕಡೆಯಿಂದ ಬಂದು ಅಂಗಡಿ ಹಾಕಿದ್ದ ಇಪ್ಪತ್ತಮೂರರ ಹುಡುಗ. ಆಚಾರ್ರಿಗೆ ಆಗಲೇ ಅರವತ್ತು ದಾಟಿತ್ತು. ಬಾಗಿಲು, ಕಿಟಕಿ ಕೆಲಸ ಮಗನಿಗೆ ಬಿಟ್ಟುಕೊಟ್ಟು ತಾವು ಗೊಂಬೆ ಮಾತ್ರ ಕೆತ್ತುತ್ತಿದ್ದರು. ನವರಾತ್ರಿ ಹತ್ತಿರ ಬಂತು ಅಂದರೆ ಮೇಲುಕೋಟೆಯಿಂದ, ಶ್ರೀರಂಗಪಟ್ಟಣದಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ನನ್ನ ಹೆಸರು ಅವರು ಒಂದು ದಿನವೂ ಹಿಡಿದು ಕರೆದವರಲ್ಲ. "ಲೇ ವೀಡಿಯೋ" ಅನ್ನೋರು.

ಅವರದೊಂದು ಪದ್ಧತಿಯಿತ್ತು. ಗೊಂಬೆಗೆ ಬಣ್ಣವೆಲ್ಲ ಆದ ಮೇಲೆ ಕಟ್ಟಕಡೆಗೆ ಕಣ್ಣು ಬರೆಯೋದು. ಬೆಳಿಗ್ಗೆ ಸ್ನಾನ ಮಾಡಿ, ಯಾರ ಜೊತೆಗೂ ಮಾತಾಡದೆ, ಸಣ್ಣ ಕುಂಚ ಹಿಡಿದು, "ಕಣ್ ಬುಟ್ಕಳವ್ವ, ಲೋಕ ನೋಡು" ಅಂತ ಒಂದೇ ಮಾತು ಹೇಳಿ ಬರೆಯುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು ಇರಲೇಬೇಕು. ಮಗನ ಮಗಳು, ಆರು ವರ್ಷದ್ದು. ಮರದ ಹೊಟ್ಟಿನ ರಾಶಿಯಲ್ಲಿ ಕಾಲು ಚಾಚಿ ಕೂತು, ಉಸಿರು ಬಿಗಿಹಿಡಿದು ನೋಡೋದು. ಆ ಮಗು ಮಗ್ಗುಲಲ್ಲಿಲ್ಲದಿದ್ದರೆ ಅವರ ಕೈ ಓಡುತ್ತಿರಲಿಲ್ಲ.

ಒಂದು ಭಾನುವಾರ ಮೈಸೂರಿನಿಂದ ಹೊಸ ಕ್ಯಾಸೆಟ್ಟು ತಂದೆ. ಡಬ್ಬಿಯ ಮೇಲೆ ಗೊಂಬೆಯ ಚಿತ್ರ. ಇಂಗ್ಲಿಷ್ ಓದಲು ನನಗೆ ಅಷ್ಟಕ್ಕಷ್ಟೆ. ಗೊಂಬೆ ಅಂದ ಮೇಲೆ ಮಕ್ಕಳ ಸಿನಿಮಾ ತಾನೇ ಅಂದುಕೊಂಡು, ಮಧ್ಯಾಹ್ನ ಅಂಗಡಿ ಜಗಲಿಗೆ ಟೀವಿ ಇಟ್ಟು ಬೀದಿಯ ಮಕ್ಕಳನ್ನೆಲ್ಲ ಕೂಗಿದೆ. ಆಚಾರ್ರೇ ಮೊಮ್ಮಗಳ ಕೈ ಹಿಡಿದು ತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. "ನಿಮ್ ತಾತನ್ ಕಸುಬಿನ್ದು ಕಣವ್ವ, ಚೆಂದಾಗಿ ನೋಡು" ಅಂದು ಕೆಲಸಕ್ಕೆ ಹೋದರು. ನಾನೂ ಸಿನಿಮಾ ಹಾಕಿ ಟೀ ಕುಡಿಯಲು ಹೋದೆ. ವಾಪಸ್ಸು ಬರುವಷ್ಟರಲ್ಲಿ ಜಗಲಿ ಖಾಲಿ. ಪರದೆಯ ಮೇಲೆ ಗೊಂಬೆ ಚಾಕು ಹಿಡಿದು ನಿಂತಿತ್ತು. ಆಚಾರ್ರ ಮೊಮ್ಮಗು ಒಂದೇ, ಓಡಲೂ ಆಗದೆ, ಕಂಬ ತಬ್ಬಿಕೊಂಡು ನಿಂತಿತ್ತು...

ಮಾರನೇ ದಿನದಿಂದ ಅವಳು ಕೆಲಸದ ಕೋಣೆಯ ಕಡೆ ಸುಳಿಯಲಿಲ್ಲ. ಆ ಕೋಣೆ ಮನೆಯ ಮುಂಭಾಗದಲ್ಲೇ ಇದ್ದದ್ದರಿಂದ ಹಿತ್ತಲ ಬಾಗಿಲಿಂದ ಓಡಾಡೋಕೆ ಶುರು ಮಾಡಿದಳು. ತಾತ ಕರೆದರೆ ಅಮ್ಮನ ಸೆರಗಿನೊಳಗೆ. ಊಟದ ಹೊತ್ತಿಗೂ ಅವರ ಪಕ್ಕ ಕೂರಳು. ಎಂಟು ದಿನ ನೋಡಿದರು ಆಚಾರ್ರು. ಒಂಬತ್ತನೇ ದಿನ ನನ್ನ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಆ ಗೊಂಬೆ ಸಿನ್ಮಾ ಆಕ್ಲಾ."

"ಬ್ಯಾಡಿ ಆಚಾರ್ರೆ, ತಪ್ಪಾಗೋಯ್ತು ನಂದು."

"ತಪ್ಪು ಒಪ್ಪು ಆಮ್ಯಾಕೆ. ನನ್ ಕೂಸ್ನ ಎದರ್ಸಿರೋ ಗೊಂಬೆ ಯಾವ್ದು ಅಂತ ನಾ ನೋಡ್ಬ್ಯಾಡ್ವಾ? ಆಕು."

ಮೂರು ದಿನ, ಮೂರು ಮಧ್ಯಾಹ್ನ, ಅದೇ ಸಿನಿಮಾ. ಮೊದಲ ದಿನ ಸುಮ್ಮನೆ ನೋಡಿದರು. ಎರಡನೇ ದಿನ ಕನ್ನಡಕ ಹಾಕಿಕೊಂಡು ಟೀವಿಗೆ ಮೂಗು ತಾಗುವ ಹಾಗೆ ಕೂತರು. ಮೂರನೇ ದಿನ ನಡುನಡುವೆ "ನಿಲ್ಸು, ನಿಲ್ಸು" ಅನ್ನೋರು.

"ನೋಡ್ಲಾ, ಕತ್ತು ತಿರುಗ್ಸುವಾಗ ಕಾಲು ತೋರ್ಸಾಕಿಲ್ಲ. ಕಾಲು ನಡೆಯುವಾಗ ಮಖ ತೋರ್ಸಾಕಿಲ್ಲ. ಕಳ್ ನನ್ಮಕ್ಕಳು, ಮೂರ್ ಗೊಂಬೆ ಮಡಗವ್ರೆ! ಒಂದ್ರ ಹಿಂದೆ ಯಾವನೋ ಕೈ ಆಕ್ಕಂಡು ಕೂತವ್ನೆ." ಆಮೇಲೆ ಕನ್ನಡಕ ತೆಗೆದು, "ಕೆಲ್ಸ ಮಾತ್ರ ಚೆಂದಾಗದೆ ಕಣ್ಲಾ. ಮಾಡ್ದೋನು ಒಳ್ಳೆ ಕೆಲ್ಸಗಾರ" ಅಂದರು. ನನಗೆ ನಗು ಬಂತು. ಹಗೆಯ ಕೈಕೆಲಸವನ್ನೂ ಹೊಗಳುವ ಮನುಷ್ಯ.

ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ಮೊಮ್ಮಗಳಿಗೆ ಎಲ್ಲ ಬಿಡಿಸಿ ಹೇಳಿದರು. ಅದೊಂದು ಗೊಂಬೆಯಲ್ಲ ಕಣವ್ವ, ಮೂರು, ಅಂತ. "ಮೂರವಾ?" ಅಂತ ಮಗು ಇನ್ನೂ ಜೋರಾಗಿ ಅಳೋಕೆ ಶುರು ಮಾಡಿತು.

ಕಡೆಗೆ ವಿಷಯ ಒಡೆದು ಹೇಳಿದವರು ಸೊಸೆ. "ನೀವು ಕಣ್ ಬುಡ್ಸದ ದಿನಾ ನೋಡವ್ಳಲ್ಲ ಮಾವ. ಕಣ್ ಬುಟ್ ಮ್ಯಾಲೆ ಅವು ಎದ್ದು ಓಡಾಡ್ತವೆ, ತಾತನೇ ಏಳ್ಸದು ಅಂತವ್ಳೆ."

ಮಗು ಹೆದರಿದ್ದು ಸಿನಿಮಾದ ಗೊಂಬೆಗಲ್ಲ, ತಮಗೆ ಅನ್ನೋದು ಆಗ ಆಚಾರ್ರಿಗೆ ತಿಳಿದದ್ದು. ಒಳಗೆ ಹೋಗಿ ಕುಂಚ ತೊಳೆದು, ಬಟ್ಟೆಯಲ್ಲಿ ಸುತ್ತಿ, ಜಂತೆಗೆ ಸಿಕ್ಕಿಸಿಬಿಟ್ಟರು. ನವರಾತ್ರಿಗೆ ಎರಡು ವಾರ ಉಳಿದಿತ್ತು. ಹಲಗೆಯ ಮೇಲೆ ಒಪ್ಪಿಕೊಂಡಿದ್ದ ಗೊಂಬೆಗಳೆಲ್ಲ ಕಣ್ಣಿಲ್ಲದೆ ಸಾಲಾಗಿ ನಿಂತವು. ಮೇಲುಕೋಟೆಯಿಂದ ಬಂದ ಅಮ್ಮನೊಬ್ಬರು, "ಕಣ್ಣೇ ಇಲ್ಲದೆ ಹೇಗೆ ಕೂರಿಸಲಿ ಆಚಾರ್ರೆ?" ಅಂತ ಜಗಳಕ್ಕೇ ನಿಂತರು. "ನನ್ ಮೊಮ್ಮಗಳು ಬಂದು ಪಕ್ಕ ಕೂತ್ಕಳೋಗಂಟ ಬರೆಯಾಕಿಲ್ಲ ತಾಯಿ. ಬ್ಯಾರೆ ಕಡೆ ಕೊಂಡ್ಕಳಿ" ಅಂತ ಇವರು. ಮಗ ಬೈದ. ಬೀದಿಯವರು ಬುದ್ಧಿ ಹೇಳಿದರು. ಜಗ್ಗಲಿಲ್ಲ.

ಅದರಲ್ಲೂ ಒಂದು ತಮಾಷೆಯಾಯಿತು. ಕಣ್ಣಿಲ್ಲದಿದ್ದರೆ ಮಗು ಹೆದರಲಾರದು ಅಂತ ಅವರ ಲೆಕ್ಕ. ಒಂದು ದಿನ ಅದು ಬಾಗಿಲ ಸಂದಿಯಿಂದ ಇಣುಕಿ ನೋಡಿ ಚೀರಿದ್ದು ನನ್ನ ಅಂಗಡಿಗೂ ಕೇಳಿತು. "ಕಣ್ಣಿಲ್ದೇನೂ ನೋಡ್ತಾವೆ!" ನಾನು ಓಡಿಹೋಗಿ ನೋಡಿದರೆ ಆಚಾರ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ನನ್ನ ಮುಖ ನೋಡಿದರು, ಅವರಿಗೂ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು...

ಆಮೇಲೆ ಬಾಗಿಲ ಹೊರಗೆ ನಿಂತಿದ್ದ ಮಗುವನ್ನು ಅಲ್ಲೇ ನಿಲ್ಲಿಸಿ ಕೇಳಿದರು. "ಯಾವ್ದು ಕಂಡ್ರೆ ಇನ್ನಿಲ್ದಂಗೆ ಭಯ ಆಯ್ತದೆ, ಅದ್ನ ತೋರ್ಸು ಮಗಾ."

ಮಗು ಬೆರಳು ಚಾಚಿದ್ದು ಗೋಡೆಯ ಗೂಡಿಗೆ. ಅಲ್ಲಿ ರಾಜ ರಾಣಿಯ ಒಂದು ಜೊತೆ ಪಟ್ಟದ ಗೊಂಬೆ ಕೂತಿತ್ತು. ಬೆರಳಿದ್ದದ್ದು ರಾಣಿಯ ಕಡೆ.

ಆ ಜೊತೆಯನ್ನು ಕೆತ್ತಿದವರು ಆಚಾರ್ರ ಮಾವ, ನಾಗಮಂಗಲದವರು. ಆಚಾರ್ರಿಗೆ ಗೊಂಬೆ ಕೆತ್ತಲು ಕಲಿಸಿದ ಗುರುವೂ ಅವರೇ. ಮದುವೆಯಲ್ಲಿ ಮಗಳ ಕೈಗೆ ಕೊಟ್ಟು ಕಳಿಸಿದ್ದು. ಆ ಮಗಳು, ಆಚಾರ್ರ ಹೆಂಡತಿ, ತೀರಿಹೋಗಿ ಆಗಲೇ ಹತ್ತು ವರ್ಷ. ಪ್ರತಿ ನವರಾತ್ರಿಗೂ ಆ ರಾಣಿಗೆ ಹೆಂಡತಿಯ ಸೀರೆಯ ತುಂಡಿನಲ್ಲೇ ಸೀರೆ ಉಡಿಸುತ್ತಿದ್ದರು ಆಚಾರ್ರು.

ಆ ದಿನವೆಲ್ಲ ಅವರು ಉಳಿ ಮುಟ್ಟಲಿಲ್ಲ. ಮಾರನೇ ಬೆಳಿಗ್ಗೆ ನನ್ನನ್ನು ಕೂಗಿದರು. "ಬಾಲಾ ವೀಡಿಯೋ. ಸುರು ಮಾಡ್ದೋನು ನೀನು, ನೀನೂ ನೋಡು."

ಅಂಗಳದ ಬಿಸಿಲಿನಲ್ಲಿ ಮಣೆ. ಮಣೆಯ ಮೇಲೆ ರಾಣಿ. ಉಡಿಸಿದ್ದ ಸೀರೆ ಬಿಚ್ಚಿ ಮಡಿಸಿಟ್ಟಿದ್ದರು. ಮೊಮ್ಮಗಳ ಕೈಗೆ ಸಣ್ಣ ಕೊಡತಿ, ಮರದ ಸುತ್ತಿಗೆ, ಕೊಟ್ಟರು. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಟ್ಟರು.

"ಒಡಿ ಮಗಾ. ಒಳಗೇನದೆ ಅಂತ ನೀನೇ ನೋಡ್ಬುಡು."

ಮೊದಲು ಹೆದರಿ ಹೆದರಿ ತಟ್ಟಿತು. ಆಮೇಲೆ ಜೋರಾಯಿತು. ಒಂದು ತೋಳು ಬೆಣೆ ಕಿತ್ತು ಬಿತ್ತು. ಮಗು ಎರಡು ಹೆಜ್ಜೆ ಹಿಂದೆ ಹಾರಿ, ಮತ್ತೆ ಬಂದು ಇಣುಕಿತು. "ಹೊಟ್ಟೇಲಿ?" ಅಂತ ಕೇಳಿತು. ಆಚಾರ್ರು ಮರದ ಎಳೆ ನೋಡಿ ತಲೆಯ ಮೇಲೆ ಉಳಿ ಇಟ್ಟು ಹಿಡಿದರು. ಮಗು ಹೊಡೆಯಿತು. ಮೂರನೇ ಏಟಿಗೆ ರಾಣಿ ಎರಡು ಹೋಳಾದಳು. ಒಳಗೆ ಮರ, ಕೆಂಪಗೆ, ನಿನ್ನೆ ಕಡಿದ ಹಾಗೆ.

ಮಗು ಕೈಯಾಡಿಸಿತು, ಮೂಸಿ ನೋಡಿತು. "ಏನೂ ಇಲ್ವಲ್ಲ ತಾತ!"

"ಇದ್ದಿದ್ರೆ ನಾನ್ಯಾಕವ್ವ ಇಷ್ಟ್ ವರ್ಸ ಬೆನ್ ಬಗ್ಸಿ ಕೂತಿರ್ತಿದ್ದೆ? ಅವೇ ಎದ್ದು ಒಂದ್ನೊಂದು ಕೆತ್ಕತಿದ್ವು. ನಂಗೆ ಕಾಪಿ ಕಾಯ್ಸ್ ಕೊಡ್ತಿದ್ವು."

ಗೊಂಬೆ ಕಾಫಿ ಕಾಯಿಸೋದು ಮಗುವಿನ ಕಣ್ಣಿಗೆ ಕಟ್ಟಿರಬೇಕು, ಕಿಲಕಿಲ ನಕ್ಕಿತು. ನಗುತ್ತಲೇ ತಾತನ ತೊಡೆ ಏರಿ ಕೂತಿತು. ಅವತ್ತೇ ಜಂತೆಯಿಂದ ಕುಂಚ ಇಳಿಯಿತು. ಎರಡು ದಿನದಲ್ಲಿ ಅಷ್ಟೂ ಗೊಂಬೆಗೂ ಕಣ್ಣು ಬಂತು, ಮಗು ಪಕ್ಕದಲ್ಲಿ ಕೂತಿತ್ತು. ಆ ವರ್ಷದ ನವರಾತ್ರಿಯಲ್ಲಿ ಆಚಾರ್ರ ಮನೆಯಲ್ಲಿ ಗೊಂಬೆ ಕೂರಿಸುವ ಮೆಟ್ಟಿಲ ಮೇಲೆ ರಾಜ ಒಬ್ಬನೇ ಕೂತಿದ್ದ. ಜೊತೆಗೆ ಇನ್ನೊಂದು ರಾಣಿ ಕೆತ್ತಬಹುದಿತ್ತಲ್ಲ ಅಂತ ಕೇಳಿದೆ. "ಆ ಕೈ ನಂದಲ್ಲ ಬುಡ್ಲಾ" ಅಂದರು, ಅಷ್ಟೆ. ಹೋಳುಗಳನ್ನು ಏನು ಮಾಡಿದರೋ ನಾನು ಕೇಳಲಿಲ್ಲ...

ಮೊನ್ನೆ ಸಿನಿಮಾವನ್ನು ಅರ್ಧಕ್ಕೆ ನಿಲ್ಲಿಸಿ ಆ ಮಗುವಿಗೇ ಫೋನು ಮಾಡಿದೆ. ಈಗ ಕೆ.ಆರ್. ಪೇಟೆಯಲ್ಲಿ ಟೀಚರು, ಎರಡು ಮಕ್ಕಳ ತಾಯಿ.

"ಯಾವ ಸಿನಿಮಾ ಮಾಮ? ನಾನು ಹೆದರ್ಕೊಂಡಿದ್ನಾ? ಇಲ್ವಲ್ಲ... ತಾತ ನನ್ ಕೈಗೆ ಕೊಡತಿ ಕೊಟ್ಟು ಹೊಡಿ ಹೊಡಿ ಅಂದಿದ್ದೊಂದು ನೆನಪಿದೆ. ಯಾವ್ದೋ ಹಳೇ ಮರದ ತುಂಡು ಇರ್ಬೇಕು. ಎಷ್ಟು ಮಜಾ ಬಂದಿತ್ತು ಗೊತ್ತಾ?"

ಭಯ ಇತ್ತು ಅನ್ನೋದೇ ನೆನಪಿಲ್ಲ. ಆಚಾರ್ರು ಹಟ ಹಿಡಿದದ್ದು ಇದಕ್ಕೇ ಅಲ್ಲವೇ? ಇದನ್ನು ಓಡಿಹೋಗಿ ಅವರಿಗೆ ಹೇಳಬೇಕು ಅನ್ನಿಸಿತು. ಅವರು ಹೋಗಿ ಹದಿನೆಂಟು ವರ್ಷವಾಯಿತು. ಮಗನೂ ಇಲ್ಲ, ಸೊಸೆಯೂ ಇಲ್ಲ. ಅವತ್ತು ಅಂಗಳದಲ್ಲಿ ಮಣೆಯ ಮೇಲೆ ಏನಿತ್ತು ಅಂತ ಬಲ್ಲವನು ಈಗ ನಾನೊಬ್ಬನೇ.

ಫೋನಿನಲ್ಲಿ ಹೂಂ ಅಂದು ಇಟ್ಟುಬಿಟ್ಟೆ. ಆದರೆ ನನ್ನ ಜೊತೆಗೇ ಇದು ಹೋಗಬಾರದು ಅಂತ ಕೂತು ಬರೆದಿದ್ದೇನೆ. ಓದುತ್ತಿದ್ದೀಯೇನವ್ವ? ನೀನು ಒಡೆದದ್ದು ಹಳೇ ಮರದ ತುಂಡಲ್ಲ ಕಣವ್ವ. ಅದು ನಿಮ್ಮಜ್ಜೀದು.