ಅವ್ವನ ಮೂಗಿಗೆ ಹೊಂದದ ಮೂಗುಬಟ್ಟು

ಅಂಗಡಿಯ ಬಾಗಿಲಲ್ಲಿ ನಿಂತು ಯಾರಾದರೂ ನನಗೆ ಕೈಮುಗಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ನಾನೂ ಒಬ್ಬ ಅಂಗಡಿಕಾರನೇ. ರೋಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು, ಗಿರಾಕಿಗಳ ಮುಖ ನೋಡುತ್ತಲೇ ತಲೆ ಬೆಳ್ಳಗಾಗಿಸಿಕೊಂಡವನು. ಇಷ್ಟು ವರ್ಷಗಳಲ್ಲಿ ಒಬ್ಬ ಗಿರಾಕಿಗಾದರೂ ಕೈಮುಗಿದ ನೆನಪಿಲ್ಲ. ‘ಚಿಲ್ಲರ ಐತೇನ್ರಿ?’ ಎನ್ನುವುದು ನನ್ನ ಸ್ವಾಗತ. ‘ಊಟಾದ ಮ್ಯಾಲೆ ತಗೋರಿ’ ಎನ್ನುವುದು ಬೀಳ್ಕೊಡುಗೆ. ಹೀಗಾಗಿ ನರಗುಂದದ ದೊಡ್ಡ ರಸ್ತೆಯಲ್ಲಿ ಹೊಸದಾಗಿ ತೆರೆದ ಬಂಗಾರದ ಅಂಗಡಿಯ ಬಾಗಿಲಲ್ಲಿ ಪೇಟಾ ಸುತ್ತಿದ ಮನುಷ್ಯನೊಬ್ಬ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಾಗ, ಇವನಿಗೆ ನಾನೇನಾದರೂ ಬಾಕಿ ಇದ್ದೇನೆಯೇ ಎಂದು ಯೋಚಿಸಿದೆ. ನನ್ನ ಪಕ್ಕದಲ್ಲಿದ್ದ ಅವ್ವನಿಗೆ ಅಂಥ ಗೊಂದಲವೇನೂ ಆಗಲಿಲ್ಲ. ಅವಳು ತಿರುಗಿ ಕೈಮುಗಿದು, “ಆರಾಮ ಅದೀಯೇನಪಾ?” ಎಂದು ಕೇಳಿ, ಚಪ್ಪಲಿ ಕಳಚಿ ಬಾಗಿಲ ಹೊರಗೆ ಜೋಡಿಸಿಟ್ಟಳು.

“ಹಾಕ್ಕೊಂಡ ಬರ್ರಿ ಅಮ್ಮಾ, ನಡೀತೈತಿ” ಎಂದು ಅವನು ಗಾಬರಿಯಾದ.

“ಬಂಗಾರ ಇದ್ದಲ್ಲೆ ಲಕ್ಷ್ಮಿ ಇರ್ತಾಳೋ. ನೀ ಬೂಟ್ ಹಾಕ್ಕೊಂಡ ನಿಂತೀಯಲ್ಲ!” ಎಂದು ಅವನನ್ನೇ ಗದರಿಸಿ ಅವ್ವ ಒಳಗೆ ನಡೆದಳು. ಆ ನುಣುಪು ನೆಲ, ಆ ತಂಪು ಗಾಳಿ. ಎಂಬತ್ತರ ಹತ್ತಿರದ ಬರಿಗಾಲು. ಕುರ್ಚಿ ತಲುಪುವಷ್ಟರಲ್ಲಿ ಅವಳ ಪಾದ ಮಂಜುಗಡ್ಡೆಯಾಗಿತ್ತು. ಊರೂರಿಗೆ ಶಾಖೆ ಇರುವ ಅಂಗಡಿ ಅದು. ಹೆಸರು ಹೇಳುವುದಿಲ್ಲ, ಹೇಳಿದರೆ ಅವರು ಮನೆಗೇ ಬಂದು ಮತ್ತೆ ಕೈಮುಗಿದಾರು.

ನಾವು ಹೋದದ್ದು ಒಂದೇ ಒಂದು ಮೂಗುಬಟ್ಟಿಗಾಗಿ. ಅವ್ವನ ಏಳು ಹರಳಿನ ಮೂಗುಬಟ್ಟು ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಳೆದುಹೋಗಿತ್ತು. ಒಳಗಿನ ತಿರುಪು ಸವೆದಿತ್ತೆಂದು ಕಾಣುತ್ತದೆ, ಮುಖ ತೊಳೆಯುವಾಗ ಜಾರಿರಬೇಕು. ನಾನು ಚಹಾದ ಸೋಸಣಿಗೆ ಹಿಡಿದು ಮೋರಿಯ ನೀರನ್ನೆಲ್ಲ ಸೋಸಿದೆ. ಸಿಕ್ಕಿದ್ದು ಅಂಗಿಯ ಗುಂಡಿಗಳು, ಒಂದು ಹೇರ್‌ಪಿನ್ನು, ಮತ್ತು ಆ ಸೋಸಣಿಗೆಯನ್ನು ಇನ್ನು ಅಡುಗೆಮನೆಯ ಹೊಸ್ತಿಲು ದಾಟಿಸಕೂಡದೆಂಬ ನನ್ನ ಹೆಂಡತಿಯ ಅಪ್ಪಣೆ. ತೂತು ಮುಚ್ಚಿಕೊಳ್ಳಬಾರದೆಂದು ಅವ್ವ ಬೇವಿನ ಕಡ್ಡಿಯ ಚೂರೊಂದನ್ನು ಮೂಗಿಗೆ ಸಿಕ್ಕಿಸಿಕೊಂಡಳು. ನಮ್ಮ ಕಡೆ ಹೆಂಗಸರು ಮಾಡುವುದೇ ಹಾಗೆ. ಆದರೆ ಅಂದಿನಿಂದ ಅವಳು ಯಾರ ಜೊತೆ ಮಾತಾಡುವಾಗಲೂ ಸೆರಗು ಮೂಗಿನ ಮೇಲೆ ಎಳೆದುಕೊಳ್ಳತೊಡಗಿದಳು. ಸಂಜೆ ಕಟ್ಟೆಯ ಮೇಲೆ ಕೂತು ಓಣಿಯ ಸುದ್ದಿಯನ್ನೆಲ್ಲ ಜರಡಿ ಹಿಡಿಯುತ್ತಿದ್ದವಳು ಕಟ್ಟೆಗೆ ಬರುವುದನ್ನೇ ಬಿಟ್ಟಳು.

ಇಷ್ಟು ಸಣ್ಣ ಒಡವೆಗೆ ಇಷ್ಟು ದುಃಖವೇ ಎಂದು ನೀವು ಕೇಳಬಹುದು. ಅಪ್ಪ ತೀರಿಕೊಂಡ ದಿನ ಅವ್ವನ ಕೊರಳಿನ ತಾಳಿ, ಕಾಲುಂಗುರ, ಕೈಯ ಹಸಿರು ಬಳೆ ಎಲ್ಲ ಹೋದವು. ಅಪ್ಪನ ಕಡೆಯ ಹಿರಿಯಳೊಬ್ಬಳ ಕೈ ಮೂಗಿಗೂ ಬಂತು. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಅವ್ವ ಆ ಕೈಯನ್ನು ಹಿಡಿದು, “ಇದು ನಮ್ಮವ್ವ ಹಾಕಿದ್ದು. ಇದು ನಿಮ್ಮ ಮನಿದಲ್ಲ” ಎಂದಳು. ಆ ಕೈ ಹಿಂದೆ ಸರಿಯಿತು. ಗಜೇಂದ್ರಗಡದ ತವರಿನಲ್ಲಿ, ಅವಳಿನ್ನೂ ಲಂಗದ ಹುಡುಗಿಯಾಗಿದ್ದಾಗ, ಅಕ್ಕಸಾಲಿ ಪತ್ತಾರರ ಮುಂದೆ ಕೂರಿಸಿ ಅವಳ ತಾಯಿ ಹಾಕಿಸಿದ ಮೂಗುಬಟ್ಟು ಅದು. ಅದೊಂದನ್ನು ಅವ್ವ ಉಳಿಸಿಕೊಂಡಳು. ಉಳಿದದ್ದರಿಂದ ತಾನಾಗಿಯೇ ಹಿಂದೆ ಸರಿದಳು. ಉಡಿ ತುಂಬುವಾಗ ಅಡುಗೆಮನೆ ಸೇರುವಳು. ನನ್ನ ಮಗಳ ಮದುವೆಯಲ್ಲಿ ಅರಿಷಿಣ ಹಚ್ಚಲು ಎಷ್ಟು ಕರೆದರೂ “ನನ್ನ ಕೈ ಬ್ಯಾಡ ತಮ್ಮಾ, ಕೂಸು ಚಂದಾಗಿರ್ಲಿ” ಎಂದು ಬಾಗಿಲ ಸಂದಿಯಿಂದ ನೋಡಿದಳು. ನನಗೆ ಅವತ್ತು ಆದ ಸಂಕಟ ಇವತ್ತಿಗೂ ಹೋಗಿಲ್ಲ. ಆ ಮೂಗುಬಟ್ಟೂ ಹೋದ ಮೇಲೆ ಅವಳು ಪೂರ್ತಿ ಬರಿದಾದಳೇನೋ ಎಂದು ನನಗೆ ಹೆದರಿಕೆ ಹತ್ತಿತು.

ಮೂಗಿನ ಬಗ್ಗೆ ಕನ್ನಡದವರಿಗಿರುವಷ್ಟು ಕಾಳಜಿ ಬೇರೆಯವರಿಗೆ ಇದೆಯೋ ಇಲ್ಲವೋ ತಿಳಿಯದು. ಮೂಗು ಮುರಿಯುತ್ತೇವೆ, ಮೂಗು ತೂರಿಸುತ್ತೇವೆ, ಮೂಗಿನ ಮೇಲೆ ಬೆರಳಿಡುತ್ತೇವೆ, ಅವರವರ ಮೂಗಿನ ನೇರಕ್ಕೆ ಮಾತಾಡುತ್ತೇವೆ, ಮೂಗಿಗಿಂತ ಮೂಗುತಿ ಭಾರವಾಯಿತೆಂದು ನಗುತ್ತೇವೆ. ಆದರೆ ನಮ್ಮ ಹಳೆಯ ಕಾಲದ ಹೆಂಗಸರು ಮೂಗಿಗೆ ಒಡವೆಯನ್ನೇ ಹಾಕುತ್ತಿರಲಿಲ್ಲ, ಗುಡಿಯ ಶಿಲ್ಪಗಳಲ್ಲಿ ಅದು ಕಾಣುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಇದನ್ನು ಪರೀಕ್ಷಿಸಲೆಂದು ನಾನೊಮ್ಮೆ ಹತ್ತಿರದ ಸೂಡಿಯ ಹಳೆಯ ಗುಡಿಗಳಿಗೆ ಹೋಗಿ ಕಲ್ಲಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದೆ. ತೋಳಿಗೆ, ಸೊಂಟಕ್ಕೆ, ಕಿವಿಗೆ ಹೇರಿಕೊಂಡಿದ್ದೇ ಹೇರಿಕೊಂಡಿದ್ದು. ಮೂಗುಬಟ್ಟು ಮಾತ್ರ ಇಲ್ಲ, ನಿಜ. ಆದರೆ ಅವರಲ್ಲಿ ಎಷ್ಟೋ ಮಂದಿಗೆ ಮೂಗೇ ಇಲ್ಲ! ಮುರಿದ ಮೂಗನ್ನು ಸಾಕ್ಷಿಗೆ ಕರೆದರೆ ಅದು ಏನು ಹೇಳೀತು? ಅವ್ವನಿಗೆ ಇದನ್ನು ಹೇಳಿದಾಗ, “ಪಾಪ, ಅವಕ್ಕ ತವರಮನಿ ಇರಲಿಲ್ಲೇನೋ” ಎಂದಿದ್ದಳು.

ಮತ್ತೆ ಅಂಗಡಿಗೆ ಬರುತ್ತೇನೆ. ರೋಣದಲ್ಲಿ ಪತ್ತಾರರು ಇಲ್ಲವೆಂದಲ್ಲ. ಅವ್ವನನ್ನು ಒಮ್ಮೆಯಾದರೂ ದೊಡ್ಡ ಅಂಗಡಿಯ ಗಾದಿ ಕುರ್ಚಿಯಲ್ಲಿ ಕೂರಿಸಿ ಕೊಡಿಸಬೇಕೆಂಬ ಹುಕಿ ನನ್ನದು. ಕೂತ ಕೂಡಲೇ ಬಾದಾಮಿ ಹಾಲು ಬಂತು. ಹಿಂದೆಯೇ ಪ್ರಶ್ನೆಗಳು ಬಂದವು: ಮೊಬೈಲ್ ನಂಬರು, ಹುಟ್ಟಿದ ತಾರೀಖು, ಮದುವೆಯ ತಾರೀಖು. ಹುಟ್ಟಿದ ದಿನ ಕೇಳಿದ್ದಕ್ಕೆ ಅವ್ವ “ಕಾರಹುಣ್ಣಿವಿ ಹಿಂದಿನ ದಿನ” ಎಂದಳು. ಕಂಪ್ಯೂಟರು ಅದನ್ನು ಒಪ್ಪಲಿಲ್ಲ. ಆಮೇಲೆ ಮೂಗುಬಟ್ಟಿನ ತಟ್ಟೆ ಬಂತು. ಎಲ್ಲವೂ ಸಾಸಿವೆಯಷ್ಟು. ತಂತಿ ಬಾಗಿಸಿದ್ದು, ಒತ್ತಿ ಕೂರಿಸುವುದು. ತಿರುಪಿನದು ಒಂದೂ ಇಲ್ಲ. ಬೆಂಗಳೂರು ಕಡೆಯಿಂದ ಬಂದ, ಟೈ ಕಟ್ಟಿದ ಮ್ಯಾನೇಜರು ಬಗ್ಗಿ ನಿಂತು, “ಅಜ್ಜಿ, ಇದು ತುಂಬಾ ಲೈಟ್ ವೇಟು. ಹಾಕಿರೋದೇ ಗೊತ್ತಾಗಲ್ಲ” ಎಂದರು.

“ಹಾಕ್ಕೊಂಡಿದ್ದು ನನಗ ಗೊತ್ತಾಗಬೇಕಲ್ಲಪಾ” ಎಂದಳು ಅವ್ವ.

ಮ್ಯಾನೇಜರು ನಕ್ಕು ಅತ್ತ ಹೋದರು. ಆಚೆ ಕೌಂಟರಿನ ಇಬ್ಬರು ಹುಡುಗಿಯರು ಅವ್ವನ ಮೂಗಿನ ಕಡ್ಡಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ನಮ್ಮ ಮುಂದಿದ್ದವಳು ಮಾತ್ರ ನಗಲಿಲ್ಲ. ಕೆಂಪು ರೇಷ್ಮೆಯಂಥ ಸಮವಸ್ತ್ರದ ಸೀರೆ, ಎದೆಯ ಮೇಲೆ ‘ರೇಣುಕಾ’ ಎಂಬ ಪಟ್ಟಿ. ಮ್ಯಾನೇಜರು ಹತ್ತಿರವಿದ್ದಾಗ “ಮೇಡಂ, ಇದನ್ನು ನೋಡಿ” ಎನ್ನುವವಳು, ಅವರು ದೂರ ಹೋದ ಕೂಡಲೇ “ಇದು ಬ್ಯಾಡ್ರಿ ಅಮ್ಮಾ, ನಿಮ್ಮ ಮೂಗಿಗೆ ನಿಲ್ಲಾಂಗಿಲ್ಲ” ಎನ್ನುತ್ತಿದ್ದಳು. ಯಾವ ಊರವ್ವಾ ಎಂದು ಅವ್ವ ಕೇಳಿದರೆ ಯಾವಗಲ್ ರೀ ಎಂದಳು. ಕೊನೆಗೆ ಒಂದು ಟ್ಯಾಬ್‌ನಲ್ಲಿ ಏಳು ಹರಳಿನದೊಂದರ ಚಿತ್ರ ತೋರಿಸಿದರು. ತರಿಸಿಕೊಡುತ್ತಾರಂತೆ. ಚಿತ್ರದಲ್ಲಿ ಅದು ಹೆಬ್ಬೆರಳಿನಷ್ಟಿತ್ತು. ನಾನು ಸಂತೋಷದಿಂದ ದುಡ್ಡು ಕಟ್ಟಿದೆ.

ಎರಡನೆಯ ಸಲ ಹೋಗಿ ನೋಡಿದರೆ, ಬಂದದ್ದು ಜೀರಿಗೆಯಷ್ಟು. ಏಳು ಹರಳು ಇದ್ದವು, ಸುಳ್ಳಲ್ಲ. ಎಣಿಸಲು ನನ್ನ ಅಂಗಡಿಯಲ್ಲಿ ಮಾತ್ರೆಯ ತಾರೀಖು ಓದುವ ಭೂತಗನ್ನಡಿ ಬೇಕಾಗುತ್ತಿತ್ತು. ಅದರ ಕಡ್ಡಿ ಎಷ್ಟು ಸಪೂರವೆಂದರೆ ಅವ್ವ ಸೀನಿದೊಡನೆ ಅದು ಎಗರಿ ಗಾಜಿನ ಮೇಲೆ ಬಿತ್ತು. ವಾಪಸು ಕೊಟ್ಟು ಇನ್ನೊಂದು ಹೇಳಿ ಬಂದೆವು. ಮೂರನೆಯ ಸಲ ಬರಲು ಫೋನು ಮಾಡಿದಾಗ “ಈ ಸಲ ಪರ್ಫೆಕ್ಟ್ ಸರ್” ಎಂದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಅವ್ವನಿಗೆ ತಿರುಗಾಟದ ಬೇಸರವಿಲ್ಲ. ಆಧಾರ್ ಕಾರ್ಡನ್ನು ಬೆಳ್ಳಿ ತಟ್ಟೆಯಂತೆ ಹಿಡಿದು ಕಂಡಕ್ಟರಿಗೆ ತೋರಿಸುತ್ತಾಳೆ. ಔಷಧಿ ಅಂಗಡಿ ಮುಚ್ಚಿ, ಟಿಕೆಟ್ಟು ತೆಗೆದು ಹೋಗುವವನು ನಾನು. ಪರ್ಫೆಕ್ಟ್ ಆದದ್ದು ದೊಡ್ಡದಾಗಿತ್ತು, ದಪ್ಪವೂ ಇತ್ತು. ಆದರೆ ತಿರುಪಿನ ಬದಲು ಒತ್ತಿ ಕೂರಿಸುವ ಬಿರಡೆ. ಅವ್ವನ ಬೆರಳಿಗೆ ಅಷ್ಟು ಒತ್ತುವ ಶಕ್ತಿ ಎಲ್ಲಿಂದ ಬರಬೇಕು? ನಾನು ಒತ್ತಿದೆ. ಅವಳ ಕಣ್ಣಲ್ಲಿ ನೀರು ಬಂತು, ಬಿರಡೆ ಕೂರಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ದುಡ್ಡು ವಾಪಸು ಕೊಡಿ ಎಂದೆ. ಮ್ಯಾನೇಜರು ಕೈಮುಗಿದರು. (ನೋಡಿದಿರಾ? ಅದಕ್ಕೇ ನನಗೆ ಹೆದರಿಕೆ.) ದುಡ್ಡು ವಾಪಸು ಬೇಕಾದರೆ ಅರ್ಜಿ ಕೊಡಿ, ಇಲ್ಲವಾದರೆ ಇನ್ನೊಂದು ತರಿಸೋಣ, ರಾತ್ರಿ ಯೋಚಿಸಿ ಹೇಳಿ ಸರ್ ಎಂದರು. ಈ ಜಗಳದಲ್ಲಿ ಅವ್ವನ ಲಕ್ಷ್ಯವೇ ಇರಲಿಲ್ಲ. ಅವಳು ಗಾಜಿನ ಮೇಲೆ ಬಗ್ಗಿ ರೇಣುಕಾಳ ಮುಖವನ್ನೇ ನೋಡುತ್ತಿದ್ದಳು.

“ನಿನ್ನ ಮೂಗಿನ್ಯಾಗೂ ಕಡ್ಡಿ ಐತೆಲ್ಲವಾ! ನಿಂದೂ ಕಳೀತೇನು?”

ಹುಡುಗಿ ನಾಚಿಕೊಂಡಳು. “ಇಲ್ರಿ ಅಮ್ಮಾ. ನಮ್ಮ ಬಂಗಾರ ಹಾಕ್ಕೊಂಡ ಒಳಗ ಬರಾಂಗಿಲ್ರಿ. ಅಂಗಡಿದು ನಮ್ಮದು ಬೆರಕಿ ಆಗಬಾರದಂತ. ಮುಂಜಾನಿ ತಗದು ಡಬ್ಬ್ಯಾಗ ಇಡ್ತೀನ್ರಿ, ಹೋಗೂಮುಂದ ಹಾಕ್ಕೋತೀನ್ರಿ.”

ದಿನವಿಡೀ ಬಂಗಾರದ ನಡುವೆ ನಿಂತು, ಮೂಗಿಗೆ ಕಡ್ಡಿ ಸಿಕ್ಕಿಸಿಕೊಂಡು, ಕಂಡವರ ಮೂಗಿಗೆ ಮೂಗುಬಟ್ಟು ಹಿಡಿದು ತೋರಿಸುವ ಹುಡುಗಿ. ಅವ್ವ ಮೂಗಿನ ಮೇಲಿನ ತನ್ನ ಸೆರಗನ್ನು ಕೆಳಗಿಳಿಸಿದಳು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ರೋಣದ ಬಸ್ಸಿಗಾಗಿ ಕಾಯುತ್ತಿದ್ದಾಗ ರೇಣುಕಾ ಓಡುತ್ತ ಬಂದಳು. ಅದೇ ಬಸ್ಸಿನಲ್ಲಿ ಅವಳು ಯಾವಗಲ್‌ಗೆ ಹೋಗಬೇಕು. ಸಮವಸ್ತ್ರ ಕಳಚಿ ಸಾದಾ ಚೂಡಿದಾರದಲ್ಲಿದ್ದವಳು ಅವ್ವನ ಪಕ್ಕ ಕೂತು, ಊಟದ ಡಬ್ಬಿಯ ಚೀಲದಿಂದ ಗುಲಾಬಿ ಬಣ್ಣದ ಕಾಗದದ ಪೊಟ್ಟಣ ತೆಗೆದಳು. ಒಳಗೆ ತಿರುಪಿನ ಮೂಗುಬಟ್ಟು.

“ಇದರ ತಿರುಪು ನನಗ ಹತ್ತಾಂಗಿಲ್ರಿ ಅಮ್ಮಾ. ಮದುವ್ಯಾಗಿ ಆರು ತಿಂಗಳಾತು, ಇನ್ನೂ ಬರವಲ್ದು. ಬರೇ ಮೂಗಿಲೆ ಮನಿಗಿ ಹೋದ್ರ ಅತ್ತಿ ಬೈತಾರ. ಸ್ವಲ್ಪ ಹಾಕ್ತೀರೇನು?”

ಅವ್ವ ಕೈ ಹಿಂದೆ ತೆಗೆದುಕೊಂಡಳು. “ನಾ ಬ್ಯಾಡವಾ. ಹೊಸಾ ಮದಲಗಿತ್ತಿ ನೀನು. ನೋಡು, ಅಲ್ಲೆ ಯಾರರ ಮುತ್ತೈದಿ ಇರ್ತಾರ, ಅವರ ಕಡಿಂದ ಹಾಕಿಸ್ಕೊ.”

ಮಗಳ ಮದುವೆಯ ದಿನದ ಅದೇ ದನಿ.

ರೇಣುಕಾಳಿಗೆ ಬಸ್ಸಿನ ಅವಸರ. ಅವಳು ಯಾವ ದೊಡ್ಡ ಮಾತನ್ನೂ ಆಡಲಿಲ್ಲ. “ಅಯ್ಯ, ಮುತ್ತೈದೇರಿಗೆ ತಿರುಪಿಂದು ತಿಳಿಯಾಂಗಿಲ್ರಿ ಅಮ್ಮಾ. ಎಲ್ಲಾರೂ ತಂತಿದ ಹಾಕ್ಕೋತಾರ. ದಿನಾ ಯಾರ್ಯಾರೋ ಹಾಕಿ ಮೂಗು ಹುಣ್ಣ ಮಾಡ್ಯಾರ. ನೀವ ಹಾಕ್ರಿ, ಲಗೂನ, ಬಸ್ ಬರತೈತಿ” ಎಂದು ಮುಖವನ್ನು ಮುಂದೆ ಚಾಚಿಬಿಟ್ಟಳು.

ಅವ್ವ ಒಂದು ಗಳಿಗೆ ಆ ಮುಖವನ್ನು ನೋಡಿದಳು. ಸೆರಗಿನಿಂದ ಬೆರಳು ಒರೆಸಿಕೊಂಡಳು. “ಉಸುರು ಬಿಗಿ ಹಿಡಿ” ಎಂದಳು. ಎಡಗೈಯಿಂದ ಗದ್ದ ಎತ್ತಿ ಹಿಡಿದು, ಕಡ್ಡಿ ತೆಗೆದು, ಮೂಗುಬಟ್ಟು ಏರಿಸಿ, ಒಳಗಿನಿಂದ ತಿರುಪನ್ನು ಮೆಲ್ಲಗೆ ತಿರುವಿದಳು. ಒತ್ತುವ ಶಕ್ತಿ ಇಲ್ಲದ ಬೆರಳಿಗೆ ತಿರುವುವ ಜಾಣ್ಮೆ ಎಷ್ಟೊಂದಿತ್ತು! ಹುಡುಗಿಗೆ ನೋವಾದಂತೆಯೇ ಕಾಣಲಿಲ್ಲ. ನಾನು ಬಸ್ಸುಗಳ ವೇಳಾಪಟ್ಟಿ ಓದತೊಡಗಿದೆ. ಅದು ಬಣ್ಣ ಹೋಗಿ ಎಂದೋ ಖಾಲಿಯಾಗಿತ್ತು, ಆದರೂ ಓದಿದೆ. ತಿರುಗಿ ನೋಡಿದಾಗ ಅವ್ವ ಹುಡುಗಿಯ ಕೆನ್ನೆ ಸವರಿ, ತನ್ನ ಕಿವಿಯ ಹತ್ತಿರ ಬೆರಳು ಮಡಚಿ ಲಟಲಟನೆ ನೆಟಿಗೆ ಮುರಿಯುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಯಾವ ಮದುವೆಯಾದ ಹುಡುಗಿಗೂ ದೃಷ್ಟಿ ತೆಗೆದದ್ದನ್ನು ನಾನು ಕಂಡಿರಲಿಲ್ಲ.

ಯಾವಗಲ್‌ನಲ್ಲಿ ರೇಣುಕಾ ಇಳಿದಳು. ಬಸ್ಸು ಕರಿಮಣ್ಣಿನ ಹೊಲಗಳ ನಡುವೆ ರೋಣದತ್ತ ಹೊರಟಿತು. ಮೂರು ಸಲ ಅಲೆದು ಬರಿಗೈಯಲ್ಲಿ ಬರುತ್ತಿದ್ದೇನಲ್ಲ ಎಂಬ ಸಿಟ್ಟು ನನಗೆ ಮತ್ತೆ ಮರಳಿತು.

“ನಾಳೆ ಅರ್ಜಿ ಕೊಟ್ಟು ರೊಕ್ಕಾ ವಾಪಸ ತರ್ತೀನವ್ವಾ. ಇಲ್ಲೇ ರೋಣದ ಪತ್ತಾರ್ರ ಕಡೆ ನಿನಗ ಬೇಕಾದಂಗ ಮಾಡಸೂಣು.”

“ಬ್ಯಾಡ” ಎಂದಳು ಅವ್ವ, ಕಿಟಕಿಯ ಹೊರಗೆ ನೋಡುತ್ತ. “ಇನ್ನೊಂದು ತರಸಾಕ ಹೇಳು.”

“ಅದೂ ಹಿಂಗ ತಪ್ಪಿ ಬಂದ್ರ?”

“ಬರಲೇಳು. ವಾಪಸ ಕೊಡಾಕ ಹೋಗೂಣು.”

“ಎಷ್ಟ ಸಲ ಹೋಗೂದವ್ವಾ ಹಿಂಗ?”

ಅವ್ವ ನನ್ನತ್ತ ತಿರುಗಿದಳು. ಏನೂ ತಿಳಿಯದ ಕೂಸನ್ನು ನೋಡುವಂತೆ ನೋಡಿದಳು.

“ಆ ಹುಡಿಗಿಗೆ ತಿರುಪು ಹಾಕ್ಕೊಳ್ಳಾಕ ಬರೂತನಕ.”