ನಾಸಿರಾಕನ ಮೈಕದಲ್ಲಿ ಏಳು ಗ್ರಾಮ

ಸಿದ್ಧಕಟ್ಟೆಯ ಅಬ್ದುಲ್ ನಾಸಿರ್, ಊರವರ ಬಾಯಲ್ಲಿ ನಾಸಿರಾಕ, ಒಮ್ಮೆ ಮನೆಯ ಜಗಲಿಯಲ್ಲಿ ನಿಂತು ಮೈಕದಲ್ಲಿ "ಹಲೋ" ಎಂದಾಗ, ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ತಿರುಗಿ ನೋಡಿ "ಹೇಳಿ" ಎಂದನಂತೆ. ನಂಬದವರು ಆ ಕಂಡಕ್ಟರನನ್ನೇ ಕೇಳಬಹುದು. ಆದರೆ ಅವನು ಈಗ ಮಸ್ಕತ್ತಿನಲ್ಲಿದ್ದಾನೆ. ಬ್ಯಾಟರಿಯ ಕಥೆಯೂ ಇಂಥದ್ದೇ. ನಾಸಿರಾಕ ತಂದ ಮೊದಲ ಬ್ಯಾಟರಿ ಎಷ್ಟು ಭಾರವಿತ್ತೆಂದರೆ, ರಿಕ್ಷಾದ ಹಿಂದೆ ಇಟ್ಟ ಕೂಡಲೇ ಮುಂದಿನ ಚಕ್ರ ಮೇಲೆದ್ದು, ಬಂಟ್ವಾಳದಿಂದ ವಿಟ್ಲದವರೆಗೆ ರಿಕ್ಷಾ ಎರಡೇ ಚಕ್ರದಲ್ಲಿ ಹೋಯಿತು. ತಿರುವಿನಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ, "ಎದುರಿನವರು ದಾರಿ ಕೊಟ್ಟರು" ಎನ್ನುತ್ತಾರೆ.

ಸುಳ್ಳನ್ನು ಕಳೆದು ಉಳಿದದ್ದು ಇಷ್ಟು. ನಾಸಿರಾಕ ಹನ್ನೆರಡು ವರ್ಷ ದುಬೈಯ ಒಂದು ಹೋಟೆಲಿನ ಹಾಲ್‌ನಲ್ಲಿ ಮೈಕ ನೋಡಿಕೊಂಡಿದ್ದರು. ಊರಿಗೆ ಬಂದ ಮೇಲೆ ಬ್ಯಾಟರಿಯಲ್ಲಿ ಓಡುವ, ಅಡಿಯಲ್ಲಿ ಚಕ್ರವಿರುವ ಎರಡು ಸ್ಪೀಕರ್ ಪೆಟ್ಟಿಗೆ ಇಟ್ಟುಕೊಂಡರು. ಕರೆಂಟ್ ಇಲ್ಲದ ಗದ್ದೆ, ಬೀದಿ ನಾಟಕ, ಮೀಲಾದ್ ಮೆರವಣಿಗೆ, ಭಜನೆ, ಶಾಲೆಯ ಮೈದಾನ, ಎಲ್ಲಿಗೆ ಕರೆದರೂ ಹೋದರು. ಹೆಂಡತಿ ಸಾಲಿಹಾ ಮಾತ್ರ, "ಊರಿಗೆಲ್ಲ ಕೇಳಿಸ್ತಾರೆ, ಮನೆಯಲ್ಲಿ ನಾನು ಹೇಳಿದ್ದು ಇವರಿಗೆ ಕೇಳುವುದಿಲ್ಲ" ಎಂದು ನೆರೆಮನೆಯವರಲ್ಲಿ ಹೇಳುವುದು ಬಿಡಲಿಲ್ಲ.

ವಯರಿಲ್ಲದ ಮೈಕ ಬಂದ ಮೇಲೆ ನಾಸಿರಾಕನ ಮನೆಗೆ ಜನ ಹೆಚ್ಚಾದರು. ಆ ಮೈಕವೂ ಅದರ ಪೆಟ್ಟಿಗೆಯೂ ಒಂದೇ ನಂಬರಿನಲ್ಲಿ ಇದ್ದರೆ ಮಾತ್ರ ಸ್ವರ ಹೊರಗೆ ಬರುವುದು. ಹೊಸತು ತಂದವರು, ಹಳತು ಕೆಟ್ಟವರು ಎಲ್ಲರೂ ಬಂದು "ನಾಸಿರಾಕ, ಒಂದು ಒಳ್ಳೆ ನಂಬರಿನಲ್ಲಿ ಹಾಕಿ ಕೊಡಿ" ಎನ್ನುತ್ತಿದ್ದರು. ಒಳ್ಳೆ ನಂಬರ್ ಎಂದರೆ ಯಾವುದು? ನಾಸಿರಾಕನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಬಿಸ್ಮಿಲ್ಲಾ ಎಂದು ಬರೆಯುವ ಬದಲು ಕಾಗದದ ತಲೆಯಲ್ಲಿ ಹಾಕುವ ಅಂಕ ಉಂಟಲ್ಲ, ಏಳುನೂರ ಎಂಬತ್ತಾರು, ಅದು ಆ ಪೆಟ್ಟಿಗೆಗಳಲ್ಲಿಯೂ ಇತ್ತು. ಅದನ್ನೇ ಹಾಕಿದರು. ಭಜನಾ ಮಂಡಳಿಯವರೂ ಅದನ್ನೇ ಕೇಳಿ ಹಾಕಿಸಿಕೊಂಡು ಹೋದರು.

ಕಳೆದ ಜನವರಿಯಲ್ಲಿ ಗುರುವಾಯನಕೆರೆಯ ರಮಾನಾಥ ಮಾಷ್ಟ್ರು ಫೋನ್ ಮಾಡಿದರು. ವೇಷ ಕಟ್ಟದೆ, ಕುಳಿತಲ್ಲಿಂದಲೇ ಮಾತಿನಲ್ಲಿ ಕಥೆ ನಡೆಸುವ ತಾಳಮದ್ದಳೆಯಲ್ಲಿ ಮೂವತ್ತು ವರ್ಷ ಅರ್ಥ ಹೇಳಿದವರು ಅವರು. ಗಂಟಲಿನ ಆಪರೇಶನ್ ಆದ ಮೇಲೆ ಆ ದೊಡ್ಡ ಸ್ವರ ಹೋಗಿ, ಕಾಗದ ಉಜ್ಜಿದಂಥ ಸ್ವರ ಉಳಿದಿತ್ತು.

"ಆದಿತ್ಯವಾರ ಬೆಳಿಗ್ಗೆ ಶಾಲೆ ಮೈದಾನದಲ್ಲಿ ತಾಳಮದ್ದಳೆಗೆ ಕೂತ್ಕೊಳ್ತೇನೆ ನಾಸಿರ್. ಅವತ್ತು ಕರೆಂಟ್ ಇಲ್ಲವಂತೆ, ಲೈನ್ ಕೆಲಸ ಉಂಟಂತೆ. ನಮ್ಮ ಮನೆಯವಳು ಕಾಂತಿ ಕೊನೆಯ ಸಾಲಿನಲ್ಲಿ ಕೂತಿರ್ತಾಳೆ. ಅವಳಿಗೆ ಕೇಳದಿದ್ರೆ ಇನ್ನು ನಾನು ಈ ಕೆಲಸಕ್ಕೆ ಇಲ್ಲ."

"ಕೊನೆಯ ಸಾಲು ಯಾಕೆ ಮಾಷ್ಟ್ರೆ, ಉಜಿರೆಗೆ ಕೇಳಿಸ್ತೇನೆ."

"ಉಜಿರೆ ಬೇಡ ಮಾರಾಯ. ಕಾಂತಿಗೆ ಸಾಕು."

ಪ್ರಸಂಗ ಊರಿನವರೊಬ್ಬರು ಹೊಸದಾಗಿ ಬರೆದದ್ದು. ಅಣ್ಣ ರಾಜ, ತಮ್ಮನು ಕೆರೆ ತೋಡಿ ಬೆಳೆಸಿದ ಏಳು ಗ್ರಾಮಗಳನ್ನು ನುಂಗಿದ್ದಾನೆ. ಅವನ್ನು ಬಿಟ್ಟುಕೊಡು ಎಂದು ಕೇಳಲು ಬಂದ ರಾಯಭಾರಿ ರಮಾನಾಥ ಮಾಷ್ಟ್ರು. ರಾಜನ ಅರ್ಥ ಹೇಳುವವನು ಲತೇಶ. ಲತೇಶನಿಗೆ ಮೈಕ ಬೇಡ, ಅವನು ಪಿಸುಗುಟ್ಟಿದರೆ ಪಕ್ಕದ ಮನೆಯ ಕೋಳಿ ಹಾರುತ್ತದೆ.

ನಾಸಿರಾಕ ಪೆಟ್ಟಿಗೆಗಳನ್ನು ಮೈದಾನದ ಎರಡು ಬದಿಯಲ್ಲಿಟ್ಟು, ವಯರಿಲ್ಲದ ಮೈಕವನ್ನು ಮಾಷ್ಟ್ರ ಕೈಗೆ ಕೊಟ್ಟು ಸ್ವಿಚ್ಚು ತೋರಿಸಿದರು. ಹಲೋ ಎಂದು ನೋಡಿದಾಗ ಎಲ್ಲ ಸರಿ ಇತ್ತು. ಕಾಂತಿಯಕ್ಕ ಕೊನೆಯ ಸಾಲಿನಿಂದ ತಲೆಯಾಡಿಸಿದರು.

ತಾಳಮದ್ದಳೆ ಶುರುವಾಯಿತು. ಮಾಷ್ಟ್ರು ಎರಡು ವಾಕ್ಯ ಹೇಳುವರು, ಸ್ವಿಚ್ಚು ಒತ್ತಿ ಮೈಕ ಬಂದ್ ಮಾಡುವರು, ಉಸಿರು ಎಳೆದುಕೊಳ್ಳುವರು, ಮತ್ತೆ ಸ್ವಿಚ್ಚು ಒತ್ತುವರು. ತನ್ನ ಏದುಸಿರು ಊರಿಗೆ ಕೇಳಬಾರದೆಂದು ಅವರೇ ಹೂಡಿದ ಉಪಾಯ. ಮೂರನೆಯ ಸಲ ಬಂದ್ ಮಾಡಿದಾಗ ಎರಡೂ ಪೆಟ್ಟಿಗೆಗಳು ಒಟ್ಟಿಗೆ ಹೇಳಿದವು:

"ಬಂಗುಡೆ, ಬೂತಾಯಿ, ಈಗ ಬಂದದ್ದು."

ಜನ ಒಬ್ಬರನ್ನೊಬ್ಬರು ನೋಡಿದರು. ನಾಸಿರಾಕ ಯಾರದೋ ಮೊಬೈಲ್ ಇರಬೇಕೆಂದು ಮುಂದಿನ ಸಾಲಿನವರನ್ನು ದುರುಗುಟ್ಟಿದರು. ಬ್ಯಾಟರಿ ನೋಡಿದರು, ಹಸಿರು ದೀಪ ನೆಟ್ಟಗೆ ಉರಿಯುತ್ತಿತ್ತು. ಪೆಟ್ಟಿಗೆಗೆ ಕಿವಿ ಇಟ್ಟರು. ದುಬೈಯಲ್ಲಿ ಹನ್ನೆರಡು ವರ್ಷದಲ್ಲಿ ಒಂದು ಪೆಟ್ಟಿಗೆಯೂ ಮೀನು ಮಾರಿದ್ದಿಲ್ಲ.

ಮಾಷ್ಟ್ರು ಬಿಡಲಿಲ್ಲ. "ಮಹಾರಾಜಾ, ನಿನ್ನ ಭಂಡಾರ ಬೇಡ, ಆನೆ ಕುದುರೆ ಬೇಡ. ನಿನ್ನ ತಮ್ಮ ನೀರು ಹರಿಸಿದ ಆ ಏಳು ಗ್ರಾಮ ಕೊಡು, ಸಾಕು" ಎಂದು ಸ್ವಿಚ್ಚು ಒತ್ತಿದರು. ಲತೇಶ ಉತ್ತರಕ್ಕೆ ಬಾಯಿ ತೆರೆದಿದ್ದ. ಪೆಟ್ಟಿಗೆ ಅವನಿಗಿಂತ ಮೊದಲು ಹೇಳಿತು:

"ಏಳು ಗ್ರಾಮಾ? ಏಳು ಗ್ರಾಮಿಗೆ ಬೂತಾಯಿಯ ಕಣ್ಣು ಸಹ ಬರುವುದಿಲ್ಲ ಮಾರಾಯ್ರೆ. ಕಾಲು ಕಿಲೋಕ್ಕಿಂತ ಕಡಿಮೆ ಕೊಡುವ ಕ್ರಮ ಇಲ್ಲ."

ಮೈದಾನ ನಕ್ಕು ನಕ್ಕು ಕುರ್ಚಿಗಳೇ ಕುಣಿದವು. ಮಾಷ್ಟ್ರ ಮುಖ ಕೆಂಪಾಯಿತು. ನಾಸಿರಾಕನಿಗೆ ಮಾತ್ರ ನಗು ಬರಲಿಲ್ಲ. ಪೆಟ್ಟಿಗೆ ಕೇಳಿದ್ದಕ್ಕೆ ಉತ್ತರ ಕೊಡುತ್ತದೆಂದರೆ ಇದು ಬ್ಯಾಟರಿಯ ದೋಷವೋ, ಲತೇಶನ ಕಿತಾಪತಿಯೋ, ಇನ್ನು ಯಾವುದಾದರೂ ಕಣ್ಣಿಗೆ ಕಾಣದವರ ಕೆಲಸವೋ ಎಂದು ತಿಳಿಯದೆ, ಬಾಯಲ್ಲಿ ಏನೋ ಓದುತ್ತ ಗೇಟಿನ ಹೊರಗೆ ಓಡಿದರು.

ರಸ್ತೆಯ ತಿರುವಿನಲ್ಲಿ ಅನ್ಸಾಫ್‌ನ ಮೀನಿನ ರಿಕ್ಷಾ ನಿಂತಿತ್ತು. ಅನ್ಸಾಫ್ ಕೈಯಲ್ಲಿ ಮೈಕ ಹಿಡಿದು ತನ್ನದೇ ಸ್ಪೀಕರನ್ನು ಬಗ್ಗಿ ನೋಡುತ್ತಿದ್ದ.

"ನಾಸಿರಾಕ, ನೀವು ಬಂದದ್ದು ಒಳ್ಳೆದಾಯ್ತು. ನಾನು ಮೈಕ ಬಂದ್ ಮಾಡಿದ ಕೂಡ್ಲೆ ಈ ಪೆಟ್ಟಿಗೆ ಮಹಾರಾಜ ಅಂತ ಕರೀತಾ ಉಂಟು."

"ಯಾರನ್ನು?"

"ನನ್ನನ್ನೇ ಅಂತ ಕಾಣ್ತದೆ. ಇಲ್ಲಿ ಬೇರೆ ಯಾರೂ ಇಲ್ಲ."

"ಅದಕ್ಕೆ ನೀನು ಉತ್ತರ ಕೊಡುವುದಾ?"

"ಗಿರಾಕಿ ಅಲ್ವಾ? ಮರ್ಯಾದೆಯಲ್ಲಿಯೇ ಹೇಳಿದ್ದೇನೆ."

ನಾಸಿರಾಕ ಪೆಟ್ಟಿಗೆಯ ಮುಖ ನೋಡಿದರು. ಕೆಂಪು ಅಂಕಿಯಲ್ಲಿ ಏಳುನೂರ ಎಂಬತ್ತಾರು. ಹಾಕಿ ಕೊಟ್ಟವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಮಾಷ್ಟ್ರು ಬಂದ್ ಮಾಡಿದಾಗ ಅನ್ಸಾಫ್ ಅಲ್ಲಿಗೆ ನುಗ್ಗುತ್ತಾನೆ, ಅನ್ಸಾಫ್ ಬಂದ್ ಮಾಡಿದಾಗ ಮಾಷ್ಟ್ರು ಇಲ್ಲಿಗೆ ಬರುತ್ತಾರೆ.

"ನೀನು ಅದನ್ನು ಪೂರ್ತಿ ಬಂದ್ ಮಾಡು ಮಾರಾಯ. ಒಂದು ಗಂಟೆ ಬಾಯಲ್ಲಿಯೇ ಕೂಗು."

"ಬಂದ್ ಮಾಡ್ತೇನೆ. ಆದ್ರೆ ಆ ಗಿರಾಕಿ?"

"ಅವರು ಮೀನು ತಿನ್ನುವವರಲ್ಲ."

ಅನ್ಸಾಫ್ ಬಂದ್ ಮಾಡಿದ. ನಾಸಿರಾಕ ಹಗುರಾಗಿ ಮೈದಾನಕ್ಕೆ ಕಾಲಿಡುವಷ್ಟರಲ್ಲಿ, ಮಾಷ್ಟ್ರು ಉಸಿರೆಳೆಯಲು ಸ್ವಿಚ್ಚು ಒತ್ತಿದರು, ಪೆಟ್ಟಿಗೆ ಬೇರೊಂದು ಸ್ವರದಲ್ಲಿ "ಸರ್ವಿಸ್ ನೆಟ್ಟಿಗೆ ಬಿತ್ತು, ಪಾಯಿಂಟ್ ಕೆಂಪು ಅಂಗಿಯವರಿಗೆ" ಎಂದಿತು. ಎಲ್ಲೋ ಹತ್ತಿರದ ಗದ್ದೆಯಲ್ಲಿ ವಾಲಿಬಾಲ್ ಪಂದ್ಯ. ಅದಕ್ಕೂ ನಂಬರ್ ಹಾಕಿ ಕೊಟ್ಟದ್ದು ತಾನೇ ಇರಬೇಕು. ಯಾರಿಗೆಲ್ಲ ಹಾಕಿದ್ದೇನೆಂದು ನೆನಪು ಮಾಡಹೋದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಲೆಯೊಳಗೆ ಒಟ್ಟಿಗೆ ಮಾತಾಡತೊಡಗಿದವು.

ವೇದಿಕೆಯಲ್ಲಿ ರಮಾನಾಥ ಮಾಷ್ಟ್ರು ಮೈಕವನ್ನು ಚಾಪೆಯ ಮೇಲೆ ಇಟ್ಟುಬಿಟ್ಟಿದ್ದರು. ಶಾಲು ಮಡಚುತ್ತಿದ್ದರು.

ನಾಸಿರಾಕ ಬಗ್ಗಿಕೊಂಡು ಹೋಗಿ ಅವರ ಹತ್ತಿರ ಕುಳಿತರು. ವಾಲಿಬಾಲಿನವನು ಮತ್ತೆ ಬಾರದಿರಲೆಂದು ಮೊದಲು ಮೈಕದ ಸ್ವಿಚ್ಚು ಹಾಕಿ ಕೈಯಲ್ಲಿ ಹಿಡಿದುಕೊಂಡರು.

"ತಪ್ಪು ನನ್ನದು ಮಾಷ್ಟ್ರೆ. ನೀವು ಸ್ವಿಚ್ಚು ಬಂದ್ ಮಾಡ್ಬೇಡಿ. ನೀವು ಎದ್ದ ಕೂಡ್ಲೆ ಆ ಸೀಟಿನಲ್ಲಿ ಬೇರೆಯವರು ಕೂತ್ಕೊಳ್ತಾರೆ."

"ನಂಬರ್ ಬದಲಿಸ್ಲಿಕ್ಕೆ ಆಗುವುದಿಲ್ವಾ?"

"ಆಗ್ತದೆ. ಅದಕ್ಕೆ ಒಂದು ಸಣ್ಣ ಸೂಜಿ ಬೇಕು, ಅದು ಸಿದ್ಧಕಟ್ಟೆಯಲ್ಲಿ ಉಂಟು."

"ಬಂದ್ ಮಾಡದಿದ್ರೆ ಉಸಿರು ಕೇಳ್ತದೆ ನಾಸಿರ್. ಹಳೇ ಬಸ್ಸು ಘಾಟಿ ಹತ್ತಿದ ಹಾಗೆ. ನಾಚಿಕೆ ಆಗ್ತದೆ."

"ಕೇಳ್ಲಿ ಮಾಷ್ಟ್ರೆ. ಬಸ್ಸು ಬರ್ತಾ ಉಂಟು ಅಂತ ಜನರಿಗೆ ಗೊತ್ತಾಗ್ಲಿ."

ಮೈದಾನ ಇದ್ದಕ್ಕಿದ್ದಂತೆ ಮೌನವಾಗಿತ್ತು. ಯಾಕೆಂದು ನಾಸಿರಾಕನಿಗೆ ತಿಳಿಯಲಿಲ್ಲ. ಕೊನೆಯ ಸಾಲಿನಿಂದ ಕಾಂತಿಯಕ್ಕ ಎದ್ದು ನಿಂತು ಕೂಗಿದರು:

"ಇಲ್ಲಿಗೆ ಕೇಳ್ತಾ ಉಂಟು. ಇಬ್ಬರದ್ದೂ."

ಆಗ ಮಾತ್ರ ನಾಸಿರಾಕ ತನ್ನ ಕೈ ನೋಡಿಕೊಂಡರು. ಎರಡು ಪೆಟ್ಟಿಗೆಗಳು ಅವರಿಬ್ಬರ ಪಿಸುಮಾತನ್ನು ಗೇಟಿನ ತನಕ ಹಂಚಿಬಿಟ್ಟಿದ್ದವು. ಮುಚ್ಚಿಡಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ. ಮಾಷ್ಟ್ರು ಮೈಕ ತೆಗೆದುಕೊಂಡರು. ಎರಡು ಪೆಟ್ಟಿಗೆಯಲ್ಲೂ ಅವರ ಉಸಿರು ಬಂತು, ಹೋಯಿತು. ಯಾರೂ ನಗಲಿಲ್ಲ.

ಲತೇಶ ಜಾಣ. ಅವನು ಮೊದಲ ಸಲ ಸ್ವರ ತಗ್ಗಿಸಿದ. "ಎಲೈ ರಾಯಭಾರಿ, ಹೀಗೆ ಏದುಸಿರು ಬಿಡುತ್ತಿದ್ದೀಯಲ್ಲ. ಎಷ್ಟು ದೂರದಿಂದ ಬಂದೆ?"

"ಆ ಏಳು ಗ್ರಾಮಗಳನ್ನು ನಡೆದುಕೊಂಡೇ ಬಂದೆ, ಮಹಾರಾಜಾ." ಉಸಿರು. "ಯಾವ ಗ್ರಾಮದಲ್ಲಿಯೂ..." ಮತ್ತೆ ಉಸಿರು. "ನಿನ್ನ ಹೆಸರು ಹೇಳುವ ಒಬ್ಬನೂ ಸಿಗಲಿಲ್ಲ."

ಚಪ್ಪಾಳೆ ಬಿತ್ತು. ನಾಸಿರಾಕ ಪೆಟ್ಟಿಗೆಯ ಹತ್ತಿರ ನಿಂತು, ಇದು ತನಗೋ ಮಾಷ್ಟ್ರಿಗೋ ಲತೇಶನಿಗೋ ಎಂದು ನಿರ್ಧರಿಸಲಾಗದೆ ತಾವೂ ತಟ್ಟಿದರು. ಅಲ್ಲಿಂದ ಮಂಗಳ ಹಾಡುವ ತನಕ ಆ ಮೈಕ ಒಮ್ಮೆಯೂ ಬಂದ್ ಆಗಲಿಲ್ಲ.

ಪೆಟ್ಟಿಗೆಗಳನ್ನು ರಿಕ್ಷಾಕ್ಕೆ ಏರಿಸುವಾಗ ಕಾಂತಿಯಕ್ಕ ಬಂದರು. "ದಿನಾ ಮನೆಯಲ್ಲಿ ಕೇಳುವ ಸದ್ದು. ಅದಕ್ಕೆ ಇಷ್ಟು ಜನ ಕೂತು ಕೇಳ್ತಾರೆ ಅಂತ ಗೊತ್ತಿರಲಿಲ್ಲ" ಎಂದರು.

ಅವರ ಹಿಂದೆ ಮಾಷ್ಟ್ರು ಮೆಲ್ಲಗೆ ಬಂದು ರಿಕ್ಷಾಕ್ಕೆ ಒರಗಿ ನಿಂತರು.

"ಬರುವ ತಿಂಗಳು ವಿಟ್ಲದಲ್ಲಿ ಕೂರ್ತೇನೆ ಅಂತ ಲತೇಶನಿಗೆ ಹೇಳಿದೆ. ನೀನು ಬರ್ತೀಯಲ್ಲ?"

"ನಂಬರ್ ಬದಲಿಸಿಕೊಂಡು ಬರ್ತೇನೆ ಮಾಷ್ಟ್ರೆ."

"ಬದಲಿಸು, ಬಿಡು. ಆ ಸ್ವಿಚ್ಚನ್ನು ಮಾತ್ರ ನಾನು ಇನ್ನು ಮುಟ್ಟುವುದಿಲ್ಲ."