ಎರಡನೇ ಕ್ಲಾಸಿನ ಸರಳೆ ವರಸೆ

ಕಳೆದ ಜುಲೈನ ಎರಡನೇ ಸೋಮವಾರ, ಎರಡನೇ ಕ್ಲಾಸಿನ ನನ್ನ ಮಗಳು ಶಾಲೆಯಿಂದ ಬಂದು, ಇನ್ನು ಮೇಲೆ ಮನೆಯಲ್ಲಿ ಹಾಡುವುದಿಲ್ಲ ಎಂದಳು. ಬೂಟು ಬಿಚ್ಚುವ ಮೊದಲೇ ಹೇಳಿದಳು. ಅವತ್ತು ನನಗೆ ಪತ್ರಿಕೆಯ ಕೆಲಸಕ್ಕೆ ವಾರದ ರಜೆ.

"ಯಾಕವ್ವಾ, ಏನಾತು?"

"ಅಮ್ಮ ಗಲತ್ ಕಲಿಸ್ಯಾಳ. ಸಂಗೀತದ ಕ್ಲಾಸಿನ್ಯಾಗ ಎಲ್ಲಾರೂ ನನಗ ಬೇಸುರಿ ಅಂತಾರ."

ಗಲತ್ ಎಂದರೆ ತಪ್ಪು, ಬೇಸುರಿ ಎಂದರೆ ಅಪಸ್ವರದವಳು. ನಾಗಪುರದಲ್ಲಿ ಹುಟ್ಟಿದ ಅವಳ ಮಾತಿನಲ್ಲಿ ನನ್ನ ಧಾರವಾಡದ ಕನ್ನಡಕ್ಕೆ ಬೀದಿಯ ಹಿಂದಿ ಬೆರೆತಿದೆ. ಸಂಜೆ ಹೆಂಡತಿ ಬಂದಾಗ ಅವಳಿಗೂ ಇದನ್ನೇ ಹೇಳಿದಳು. ಚಪ್ಪಲಿ ಬಿಚ್ಚುತ್ತಿದ್ದ ಹೆಂಡತಿ ಹಾಗೇ ನಿಂತಳು.

ಹೆಂಡತಿ ಮೈಸೂರಿನವಳು, ಸಿವಿಲ್ ಲೈನ್ಸ್‌ನ ಬ್ಯಾಂಕೊಂದರಲ್ಲಿ ಅಧಿಕಾರಿ. ಕೆಲಸಕ್ಕೆ ಹೊರಡುವ ಮೊದಲು ಮೊಬೈಲಿನಲ್ಲಿ ಶ್ರುತಿ ಹಾಕಿ ಮಗಳಿಗೆ ಕರ್ನಾಟಕ ಸಂಗೀತದ ಸರಳೆ ವರಸೆ ಹೇಳಿಕೊಡುತ್ತಿದ್ದಳು. ಇಡೀ ದಿನದಲ್ಲಿ ಇಬ್ಬರೂ ಜೊತೆಗೆ ಕೂರುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ನನಗೆ ಎಚ್ಚರವಾಗುತ್ತಿದ್ದದ್ದೂ ಅವರ ಸಾ, ಪಾ ಕೇಳಿಯೇ. ಮರುದಿನ ಹೆಂಡತಿ ಶ್ರುತಿ ಹಾಕಿಕೊಂಡು ಕಾದಳು. ಮಗಳು ಹಾಲು ಕುಡಿದು ಬಸ್ಸಿಗೆ ಓಡಿದಳು.

ಮೂರು ದಿನ ಹೀಗೇ ಆಯಿತು. "ನಂದೇ ತಪ್ಪಿದ್ರೂ ಇರಬಹುದು ರೀ," ಎಂದಳು ಹೆಂಡತಿ. "ಕಲ್ತು ಎಷ್ಟೋ ವರ್ಷ ಆಯ್ತು."

ನನಗೆ ಸಂಗೀತ ತಿಳಿಯದು. "ಶಾಲಿಗೆ ಹೋಗಿ ಕೇಳೂಣು ನಡಿ," ಎಂದೆ.

ಶನಿವಾರ ಪಾಲಕರ ಸಭೆಯಿತ್ತು. ಗಣಿತದ ಟೀಚರ್ ಮುಂದೆ ಉದ್ದನೆಯ ಸಾಲು. ಸಂಗೀತದ ಟೀಚರ್ ಹಾರ್ಮೋನಿಯಂ ಇಟ್ಟುಕೊಂಡು ಒಬ್ಬರೇ ಕೂತಿದ್ದರು. ಊರಾಚೆಯ ಕನ್ಹಾನ್‌ನಿಂದ ಬಸ್ಸಿನಲ್ಲಿ ಬರುವ ಮರಾಠಿ ಹೆಂಗಸು, ನಿವೃತ್ತಿಗೆ ಹತ್ತಿರದ ವಯಸ್ಸು. ನಮ್ಮನ್ನು ಕಂಡು ಖುಷಿಪಟ್ಟರು. ಮಗಳ ಕಂಠ ಚೆನ್ನಾಗಿದೆ, ಆದರೆ ಸ್ವರ ಕೆಳಗಿಳಿಯುತ್ತದೆ ಎಂದರು.

ಯಾವ ಸ್ವರ ಎಂದು ಹೆಂಡತಿ ಕೇಳಿದಳು.

ರೇ, ಅಂದರೆ ನಮ್ಮ ರಿ, ಮತ್ತು ಧ, ಪ್ರತಿಸಲವೂ ಅವೆರಡೇ ಎಂದರು ಟೀಚರ್.

ಹೆಂಡತಿ ಮಗಳತ್ತ ತಿರುಗಿದಳು. "ಮನೇಲಿ ಹಾಡೋದನ್ನ ಒಂದ್ಸಲ ಹಾಡು, ಪುಟ್ಟಿ."

ಮಗಳು ನನ್ನ ಹಿಂದೆ ಸರಿದಳು. ಹೆಂಡತಿ ತಾನೇ ಹಾಡಿದಳು. ಗಣಿತದ ಸಾಲು ತಿರುಗಿ ನೋಡಿತು. ಟೀಚರ್ ಬೆರಳುಗಳು ಹಾರ್ಮೋನಿಯಂ ಮೇಲೆ ಅವಳ ಸ್ವರಗಳನ್ನು ಹಿಂಬಾಲಿಸಿ, ಮೇಲಿನ ಸಾ ತಲುಪಿದ ಕೂಡಲೇ ನಿಂತವು.

"ಅರೇ ದೇವಾ! ಹಾ ತರ್ ಭೈರವ್!" ಇದು ಭೈರವ್ ಅಲ್ಲವೇ ಎಂದರು.

ದಕ್ಷಿಣದಲ್ಲಿ ಮಕ್ಕಳ ಮೊದಲ ಪಾಠ ಮಾಯಾಮಾಳವಗೌಳ ರಾಗದಲ್ಲಿ. ಇಲ್ಲಿ ಅದೇ ಸ್ವರಗಳಿಗೆ ಭೈರವ್ ಎನ್ನುತ್ತಾರೆ. ಅದರ ರಿ, ಧ ಕೆಳಗಿನವು. ಶಾಲೆಯ ಮೊದಲ ಪಾಠ ಬಿಲಾವಲ್. ಅದರಲ್ಲಿ ಅವೆರಡೂ ಮೇಲಿನವು. ಇಬ್ಬರೂ ಸರಿಯಾಗಿಯೇ ಕಲಿಸಿದ್ದರು.

ಟೀಚರ್ ಮಗಳನ್ನು ಹತ್ತಿರ ಕರೆದು, ಅವಳ ಬೆರಳು ಹಿಡಿದು ಹಾರ್ಮೋನಿಯಂನ ಒಂದು ಬಿಳಿ ಕೀ, ಪಕ್ಕದ ಒಂದು ಕಪ್ಪು ಕೀ ಒತ್ತಿಸಿದರು. "ಯೇ ಸ್ಕೂಲ್ ಕಾ. ಯೇ ಮಮ್ಮೀ ಕಾ." ಬಿಳಿಯದು ಶಾಲೆಯದು, ಕಪ್ಪು ಅಮ್ಮನದು.

"ದೋನೋ ಬರೋಬರ್?" ಎರಡೂ ಸರಿಯೇ ಎಂದು ಕೇಳಿದಳು ಮಗಳು.

"ಏಕ್‌ದಮ್ ಬರೋಬರ್."

"ಫಿರ್ ಸಬ್ ಕೋ ಬತಾವೋ ನಾ, ಟೀಚರ್," ಎಂದಳು ಮಗಳು. ಎಲ್ಲರಿಗೂ ಹೇಳಬೇಕೆಂಬುದು ಅವಳ ಬೇಡಿಕೆ.

ಸೋಮವಾರ ಟೀಚರ್ ಅವಳನ್ನು ಹಾರ್ಮೋನಿಯಂ ಪಕ್ಕ ನಿಲ್ಲಿಸಿ ಭೈರವ್ ಹಾಡಿಸಿದರು. ಉಳಿದ ಮಕ್ಕಳಿಗೆ ಅದನ್ನೇ ಹೇಳಿಕೊಡಲು ನೋಡಿದರು. ಮಗಳು ಮನೆಗೆ ಬಂದು ವರದಿ ಒಪ್ಪಿಸಿದಳು: "ಇವತ್ತ ನನ್ನ ಬಿಟ್ಟು ಎಲ್ಲಾರೂ ಬೇಸುರಿ!"

ಅವತ್ತು ಸಂಜೆ ತಾಯಿ ಬರುವುದನ್ನೇ ಬಾಗಿಲಲ್ಲಿ ಕಾಯುತ್ತಿದ್ದಳು. ಮರುದಿನದಿಂದ ಬೆಳಗಿನ ಪಾಠ ಮತ್ತೆ ಶುರುವಾಯಿತು.

ಇವತ್ತು ಬೆಳಿಗ್ಗೆ ಶ್ರುತಿ ಹಾಕಿದವಳು ಮಗಳು. ಸರಳೆ ವರಸೆ ಮುಗಿದ ಮೇಲೆ ತಾಯಿಗೆ ಬಿಲಾವಲ್ ಹೇಳಿಕೊಟ್ಟಳು. ಹೆಂಡತಿಯ ರಿ ಕೆಳಗಿಳಿಯಿತು.

"ಫಿರ್ ಸೇ, ಅಮ್ಮಾ," ಎಂದಳು ಮಗಳು. ಹೆಂಡತಿ ಮತ್ತೆ ಸಾ ಹಿಡಿದಳು.